ಹನ್ನೊಂದು ಪಾಲು

ಪ್ರತಿ ತಿಂಗಳ ಮೂರನೇ ತಾರೀಕು, ರಜೆಯಿದ್ದರೆ ನಾಲ್ಕು,
ಕಾರವಾರದ ಹೆಡ್ ಪೋಸ್ಟಾಫೀಸಿನ ನನ್ನ ಕೌಂಟರಿಗೆ
ಲೆಫ್ಟಿನೆಂಟ್ ಜನರಲ್ ಪುಂಡಲೀಕ ತಾಂಡೇಲರು ಬರುತ್ತಾರೆ, ನಿವೃತ್ತರು.
ಸಾಲಿನಲ್ಲಿ ನಿಲ್ಲುತ್ತಾರೆ.
ಮುಂದೆ ಹೋಗಿ ಸಾಹೇಬರೇ ಅಂದರೆ
ಬುಟ್ಟಿ ಕೆಳಗಿಟ್ಟು ನಿಂತ ಮೀನಿನವಳ ಕಡೆ ಬೆರಳು:
ಅವಳ ಐಸು ಕರಗುತ್ತಿದೆ, ನನ್ನದೇನು.

ಹನ್ನೊಂದು ಫಾರ್ಮು. ಹನ್ನೊಂದೂ ಕೈಬರಹ,
ಪರೇಡಿಗೆ ನಿಂತ ಹಾಗೆ ನೆಟ್ಟಗಿನ ಅಕ್ಷರ.
ಸಾತಾರದ ಹತ್ತಿರದ ಒಂದು ಹಳ್ಳಿ,
ಖಾನಾಪುರ ತಾಲೂಕಿನ ಎರಡು, ಚಿಕ್ಕೋಡಿಯಾಚೆ ಒಂದು,
ಉಳಿದವೂ ನನಗೀಗ ಬಾಯಿಪಾಠ.
ಎಲ್ಲಕ್ಕೂ ಒಂದೇ ಮೊತ್ತ.
ಸಂದೇಶದ ಜಾಗದಲ್ಲಿ ಒಂದೇ ಶಬ್ದ: ಪಾಲು.

ಅವರ ಬದುಕು ನನಗೆ ಗೊತ್ತಾದದ್ದು
ಈ ಗಾಜಿನ ತೂತಿನಿಂದ ಬಂದಷ್ಟೇ.
ಹುಟ್ಟಿದ್ದು ಬೈತಖೋಲದಲ್ಲಿ. ಅಜ್ಜ ರಂಪಣಿಯ ತಾಂಡೇಲ,
ಬಂಡೆಯ ತುದಿಯಲ್ಲಿ ನಿಂತು ನೀರಿನ ಬಣ್ಣ ಓದುವವನು.
ಬಂಗಡೆ ಬಂದಲ್ಲಿ ನೀರು ಕಪ್ಪಗೆ ನಡುಗುತ್ತದಂತೆ.
ಅವ ಪಂಚೆಯ ತುಂಡು ಬೀಸಿದರೆ
ಎಂಬತ್ತು ಜನ, ಯಾಕೆ ಅನ್ನದೆ, ಹುಟ್ಟು ಹಾಕುತ್ತಿದ್ದರು.

ಎಳೆದ ಮೇಲೆ ಪಾಲು.
ದೋಣಿಗೊಂದು, ಬಲೆಗೊಂದು, ಎಳೆದ ಕೈಗೊಂದು,
ಜ್ವರ ಬಂದು ಮಲಗಿದವನಿಗೂ ಒಂದು,
ಹೋದ ವರ್ಷ ನೀರಿಗೆ ಹೋದವನ ಮನೆಗೂ ಒಂದು.
ಮರಳ ಮೇಲೆ ಗುಪ್ಪೆ ಗುಪ್ಪೆ, ಇನ್ನೂ ಮಿಸುಕುವ ಬೆಳ್ಳಿ.

ಆಮೇಲೆ ಬೆಳಗಾವಿಯ ಕಾಲೇಜು, ಆಮೇಲೆ ಡೆಹ್ರಾಡೂನ್.
ಇಂಗ್ಲಿಷು ತಡವರಿಸುವ, ಈಜು ಮಾತ್ರ ತಡೆಯಿಲ್ಲದ ಹುಡುಗ
ಮರುಭೂಮಿಗೆ ಹೋದ, ಹಿಮಕ್ಕೆ ಹೋದ,
ಸಮುದ್ರದ ಹತ್ತಿರ ಮಾತ್ರ ಯಾರೂ ಕಳಿಸಲಿಲ್ಲ.
ಭುಜದ ಮೇಲೆ ನಕ್ಷತ್ರ, ಸಿಂಹ, ಕತ್ತಿ ಒಂದೊಂದಾಗಿ ಏರಿದವು.
ಇದು ಅವರು ಹೇಳಿದ್ದಲ್ಲ. ಗಣರಾಜ್ಯೋತ್ಸವದ ದಿನ
ಪೊಲೀಸ್ ಮೈದಾನದಲ್ಲಿ ಯಾರೋ ಇಪ್ಪತ್ತು ನಿಮಿಷ ಓದಿದ್ದು.
ಅವರು ಎದ್ದು ಮೂರೇ ವಾಕ್ಯ ಆಡಿ ಕೂತರು.
ಮೂರನೆಯದು: ಮಕ್ಕಳು ಬಿಸಿಲಲ್ಲಿದ್ದಾರೆ, ಮುಗಿಸಿ.

ಹನ್ನೊಂದರ ವಿಷಯ ನಾನು ಕೇಳಿದವಳಲ್ಲ.
ಒಂದು ಮಧ್ಯಾಹ್ನ ಕರೆಂಟು ಹೋಗಿ, ಮಶೀನು ಸತ್ತು,
ಇಬ್ಬರೂ ಕಾಯುವಾಗ ತಾವೇ ಅಂದರು:
ಕರ್ನಲ್ ಆಗಿದ್ದೆ. ಮಂಜು. ಮೇಲಿನ ಠಾಣೆ ಖಾಲಿ ಅಂದುಕೊಂಡೆ.
ಏರಿ ಅಂದೆ.
ಯಾಕೆ ಅನ್ನದೆ ಏರಿದರು.
ಅಜ್ಜ ತಪ್ಪಿದರೆ ಬಲೆ ಬರಿದಾಗಿ ಬರುತ್ತಿತ್ತು, ಅಷ್ಟೇ.
ನಾನು...
ಆಮೇಲೆ ಗೋಂದಿನ ಡಬ್ಬಿ ಎಲ್ಲಿ ಎಂದು ಕೇಳಿದರು.
ಅಂಟಿಸುವಂಥದ್ದು ಏನೂ ಇರಲಿಲ್ಲ.
ಠಾಣೆ ಸಿಕ್ಕಿತಂತೆ. ಪದಕವೂ.

ಹತ್ತು ಮುಟ್ಟುತ್ತವೆ.
ಹನ್ನೊಂದನೆಯದು, ಖಾನಾಪುರದ ಕಾಡಿನಂಚಿನ ಒಬ್ಬ ತಾಯಿಗೆ ಹೋದದ್ದು,
ತಪ್ಪದೆ ವಾಪಸು.
ಸ್ವೀಕರಿಸಲು ನಿರಾಕರಣೆ.
ಅರ್ಧ ಲಕ್ಷ ಜನಕ್ಕೆ ಆಜ್ಞೆ ಕೊಟ್ಟವರು
ನಾನು ತೋರಿಸಿದಲ್ಲಿ ಸಹಿ ಹಾಕಿ ತಮ್ಮ ಹಣ ತಾವೇ ಪಡೆದು
ಅದೇ ನೋಟು ಮತ್ತೆ ಒಳಗೆ ತಳ್ಳುತ್ತಾರೆ.
ಕಮಿಷನ್ನು ಮಾತ್ರ ಸರ್ಕಾರಕ್ಕೆ ಲಾಭ.

ಹೋದ ತಿಂಗಳು ತಡೆಯಲಾಗಲಿಲ್ಲ ನನಗೆ.
ಸಾಹೇಬರೇ, ಹನ್ನೆರಡು ವರ್ಷ. ಅವಳು ತೆಗೆದುಕೊಳ್ಳುವುದಿಲ್ಲ.
ನಾನು ಮಾಜಾಳಿ ದಂಡೆಯವಳೆಂದು ಅವರಿಗೆ ಗೊತ್ತು.
ಕೇಳಿದರು:
ನಮ್ಮಲ್ಲಿ ಪಾಲು ಬೇಡ ಅಂದವರೇ ಇರಲಿಲ್ಲ.
ನಿಮ್ಮಲ್ಲಿ ಇದ್ದರೆ, ಅವರದ್ದು ಏನು ಮಾಡುತ್ತಿದ್ದರು?
ಇದ್ದಳು ಒಬ್ಬಳು, ಆಯಿ ಹೇಳಿದ್ದು.
ಅವಳ ಗುಪ್ಪೆ ಹಸಿ ಮರಳಲ್ಲೇ ಬಿಡುತ್ತಿದ್ದರು.
ಕಾಗೆ ತಿಂದು ಉಳಿದದ್ದು ಸಂಜೆಯ ಭರತಕ್ಕೆ.
ಮರುದಿನ?
ಮರುದಿನ ಮತ್ತೆ ಹಾಕುತ್ತಿದ್ದರು.

ಅವರು ತಲೆಯಾಡಿಸಲಿಲ್ಲ.
ಚಿಲ್ಲರೆ ಎಣಿಸಿ, ಒಂದು ರೂಪಾಯಿ ಹೆಚ್ಚು ಬಂದಿದೆ ಎಂದು ಹಿಂದೆ ತಳ್ಳಿ,
ಕೊಡೆ ಹುಡುಕಿ ಹೊರಟರು.
ಹಿಂದಿದ್ದವಳು ಬುಟ್ಟಿ ಎತ್ತಿ ಮುಂದೆ ಬಂದಳು.
ಅದಿದ್ದ ಕಡೆ ನೆಲ ದುಂಡಗೆ ಒದ್ದೆ.