ಇ ದರ್ಜೆಯ ಮನೆ

ಮನೆಗಳಿಗೆ ಅಂಕ ಹಾಕುವುದು ನನ್ನ ಕಸುಬು.
ಟ್ವೀಡ್ ನದಿ ಕಡಲು ಸೇರುವ ಬೆರಿಕ್ ಊರಿನಲ್ಲಿ
ಫೆಬ್ರವರಿಯ ಬೆಳಿಗ್ಗೆ ಹತ್ತೂಕಾಲಿಗೆ
ಮೂರನೆಯ ಮಹಡಿಯ ಬಾಗಿಲು ತಟ್ಟಿದೆ.
ತೆರೆದವಳು ಬ್ರೈಡಿ ಡಾಡ್ಸ್,
ಹುಬ್ಬಿನಲ್ಲಿ ಇನ್ನೂ ಹಿಟ್ಟು.
"ಮೆಲ್ಲಗೆ ಮಾತಾಡಿ," ಅಂದಳು,
"ಇದು ನನ್ನ ನಡುರಾತ್ರಿ."

ಬೇಕರಿಯಲ್ಲಿ ರಾತ್ರಿಪಾಳಿ.
ಊರು ಮಲಗಿದಾಗ ಬ್ರೆಡ್ಡು ಬೇಯಿಸುತ್ತಾಳೆ,
ಊರು ಎದ್ದು ಬೆಣ್ಣೆ ಸವರುವಾಗ
ಪರದೆ ಎಳೆಯುತ್ತಾಳೆ.

ಟೇಪು ಬಿಚ್ಚಿದೆ, ಬರೆದುಕೊಂಡೆ.
ಗೋಡೆ: ಗಟ್ಟಿ ಕಲ್ಲು, ಒಳಗೆ ಹೊದಿಕೆ ಇಲ್ಲ.
ಕಿಟಕಿ: ಜೋಡಿ ಗಾಜು, ನಡುವೆ ಸಿಕ್ಕಿಬಿದ್ದ ಹಬೆ.
ಗ್ಯಾಸು: ಈ ಬೀದಿಗೆ ಬಂದೇ ಇಲ್ಲ.
ಆಮೇಲೆ, ಕಿಟಕಿಯ ಬುಡದಲ್ಲಿ,
ದಡ ಹತ್ತಿ ಮಲಗಿದ ಸೀಲಿನಂತೆ
ಭಾರವಾದ ಒಂದು ಹಳೆಯ ಪೆಟ್ಟಿಗೆ:
ಸ್ಟೋರೇಜ್ ಹೀಟರ್.

ಒಳಗೆ ಹೆಚ್ಚೇನಿಲ್ಲ. ಇಟ್ಟಿಗೆ.
ಹನ್ನೆರಡೂವರೆಯಿಂದ ಏಳೂವರೆಯವರೆಗೆ
ಕರೆಂಟು ಅಗ್ಗವಿರುವಾಗ ಕಾವು ಕುಡಿದು
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು
ಹಗಲೆಲ್ಲ ತುಸು ತುಸುವೇ ಬಿಟ್ಟುಕೊಡುವ ಇಟ್ಟಿಗೆ.
ಸಂಜೆ ಆರಕ್ಕೆ ಜನ ಮನೆ ಸೇರಿ
ಕೈ ಉಜ್ಜಿಕೊಳ್ಳುವ ಹೊತ್ತಿಗೆ
ಅದರ ಮೈ ತಣ್ಣಗೆ.
ಅದಕ್ಕೇ ಎಲ್ಲರೂ ಬೈಯುವುದು.
ನನ್ನ ಟ್ಯಾಬ್ಲೆಟ್ಟೂ ಬೈಯುತ್ತದೆ, ಅಂಕಗಳಲ್ಲಿ.

ಟ್ಯಾಬ್ಲೆಟ್ಟಿನೊಳಗೆ ಒಂದು ಸಂಸಾರವಿದೆ.
ಹೆಸರಿಲ್ಲ, ಮುಖವಿಲ್ಲ,
ಬೆಳಿಗ್ಗೆ ಒಂದಿಷ್ಟು, ಸಂಜೆ ಬಹಳಷ್ಟು
ಬೆಚ್ಚಗಿರಬೇಕು ಅದಕ್ಕೆ.
ಜ್ವರ ಬರುವುದಿಲ್ಲ, ಕೆಲಸ ಹೋಗುವುದಿಲ್ಲ,
ಯಾರೂ ರಾತ್ರಿ ಹಿಟ್ಟು ನಾದುವುದಿಲ್ಲ.
ಎಲ್ಲರ ಮನೆಯಲ್ಲೂ ಅದನ್ನೇ ಕೂರಿಸಿ
ಲೆಕ್ಕ ಮಾಡುತ್ತೇನೆ.
ಬ್ರೈಡಿಯನ್ನು ಕೂರಿಸಲು ಖಾನೆ ಇಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೆಮ್ಮು: ಮಾಲೀಕ ಪ್ರಿಂಗಲ್.
"ಈ ಶವಪೆಟ್ಟಿಗೆಗಳನ್ನು ಕಿತ್ತುಹಾಕಿ
ತೆಳ್ಳಗಿನ ಬಿಳಿ ಹೀಟರು ತೂಗುಹಾಕಿಸುತ್ತೇನೆ.
ಗುಂಡಿ ಒತ್ತಿದರೆ ಬಿಸಿ!
ದರ್ಜೆ ಏರುತ್ತದೆ ತಾನೆ?"

ಇಲ್ಲ, ಇಳಿಯುತ್ತದೆ, ಅಂದೆ.
ಹಗಲ ಕರೆಂಟು ದುಬಾರಿ.
ಈ ಪರೀಕ್ಷೆ ಖರ್ಚು ನೋಡುತ್ತದೆ, ಚಂದ ನೋಡುವುದಿಲ್ಲ.
ಈಗ ಇರುವುದು ಇ.
ಎಫ್‌ಗೆ ಜಾರಿದರೆ ಬಾಡಿಗೆಗೆ ಕೊಡುವಂತಿಲ್ಲ.
ಅವನು ಪೆಟ್ಟಿಗೆಯನ್ನು ನೋಡಿದ,
ತಾನು ಸಾಲ ತಂದವನ ಎದುರು
ದಾರಿಯಲ್ಲಿ ಸಿಕ್ಕಿಬಿದ್ದವನ ಹಾಗೆ.

ಚಪ್ಪಲಿ ಗೂಡಿನ ಹಿಂದೆ ಮೀಟರು.
ಮೊಣಕಾಲೂರಿ ಟಾರ್ಚು ಬಿಟ್ಟೆ:
ಅಂಕಿಗಳ ಎರಡು ಸಾಲು, ರಾತ್ರಿಗೊಂದು, ಹಗಲಿಗೊಂದು.
ಅಬ್ಬ.
ಒಂದೇ ಸಾಲಿದ್ದಿದ್ದರೆ
ಇಟ್ಟಿಗೆ ಎಷ್ಟು ಕುಡಿದರೂ ದುಬಾರಿಯದನ್ನೇ ಕುಡಿಯಬೇಕಿತ್ತು,
ಮನೆ ಕೆಳಗುರುಳುತ್ತಿತ್ತು.

ಮೂವತ್ತೊಂಬತ್ತು. ಇ ದರ್ಜೆಯ
ಕಟ್ಟಕಡೆಯ ಮೆಟ್ಟಿಲು.
ಸಲಹೆಯ ಸಾಲಿನಲ್ಲಿ ಬರೆದೆ:
ಕಾವು ಹೆಚ್ಚು ಹೊತ್ತು ಹಿಡಿಯುವ ಹೊಸ ಹೀಟರು, ಗೋಡೆಗೆ ಒಳಹೊದಿಕೆ.
ಪ್ರಿಂಗಲ್ ಬೆಲೆ ಕೇಳಿದ, ಮೆಟ್ಟಿಲಿಳಿದ.

"ನೀವೆಲ್ಲ ಸಂಜೆಯ ಜನ," ಅಂದಳು ಬ್ರೈಡಿ
ಹೀಟರಿನ ಮೇಲೆ ಅಂಗೈ ಊರಿ.
"ನಾನು ಬಂದು ಬೂಟು ಕಳಚುವಾಗ
ಇದು ಹೊಟ್ಟೆತುಂಬ ಕಾದಿರುತ್ತದೆ.
ನಮ್ಮ ಹಳೆಯ ಒಲೆಯೂ ಇಟ್ಟಿಗೆಯದೇ.
ಬೆಂಕಿ ತೆಗೆದ ಮೇಲೂ ಅದಕ್ಕೆ ನೆನಪಿರುತ್ತದೆ.
ಆ ಕೊನೆಯ ಕಾವಿಗೆ ಬನ್ನು ಇಡುತ್ತೇವೆ."

ಇದನ್ನು ಎಲ್ಲಿ ಬರೆಯಲಿ?
ಮುಚ್ಚಬೇಡಿ ಎಂದು ಅಚ್ಚಾಗಿರುವ ಜಾಗದಲ್ಲೇ
ಕಾಗದದ ಪೊಟ್ಟಣವೊಂದು ಕೂತಿತ್ತು.
ಅಪಾಯ ಅನ್ನಲು ಬಾಯಿ ತೆರೆದೆ,
ಅದನ್ನೇ ನನ್ನ ಕೈಗಿಟ್ಟಳು.

ಕಾರಿನಲ್ಲಿ ಕೂತು ಕಳಿಸಿದೆ: ಮೂವತ್ತೊಂಬತ್ತು.
ಮೇಲೆ ಪರದೆ ಮುಚ್ಚಿತ್ತು.
ಕೋಟಿನ ಜೇಬಿನಲ್ಲಿ ಬನ್ನು
ಇನ್ನೂ ತೊಡೆ ಸುಡುತ್ತಿತ್ತು.