ಗುಜರಿಯ ಬಾನೆಟ್ಟು

ನಾನೂರು ರೂಪಾಯಿಗೆ ಸಿಕ್ಕಿತು ಈ ಕಪ್ಪು ಬಾನೆಟ್ಟು,
ಉಪ್ಪಳದ ಗುಜರಿಯಲ್ಲಿ, ಆಟೋದ ಹಿಂದೆ ಹಗ್ಗ ಕಟ್ಟಿ ತಂದೆ.
ಯಾರದೋ ಕಾರಿನ ಹಣೆ.
ಕಡಲ ಉಪ್ಪು ಕೂತಿದೆ,
ಹೆದ್ದಾರಿಗೆಂದು ಅಗೆದ ಮುರಕಲ್ಲಿನ ಕೆಂಪು ಕೂತಿದೆ,
ಬೈರಾಸಿನಲ್ಲಿ ಒರೆಸಿದವರ ಅವಸರವೆಲ್ಲ
ಬಿಸಿಲಿಗೆ ಹಿಡಿದರೆ ಸುತ್ತು ಸುತ್ತು ಕಾಣುತ್ತದೆ.

ಮೇಜಿನ ಮೇಲೆ ಯಂತ್ರ ಎರಡು, ಎರಡು ದಿನಕ್ಕೆ ಎರವಲು.
ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟ ಕರುಣನ್
"ನೋಡಿ ತಕ್ಕೊಳ್ಳಿ, ಬಿದ್ದರೆ ನಿಮ್ಮದೇ" ಎಂದು
ಮಲಯಾಳದಲ್ಲಿ ನಕ್ಕು, ಬಿಲ್ಲು ಬರೆಯದೆ ಕೊಟ್ಟದ್ದು.

ಒಂದು ನೆಟ್ಟಗೆ ತಿರುಗುವುದು, ರೋಟರಿ.
ಅಚ್ಚು ಒಂದೇ, ಹಠ ಒಂದೇ.
ಮೂರು ಸಲ ಎಳೆದರೆ ಆಳದ ಗೀರೂ ಮಾಯ.
ನನ್ನ ಬಲಗೈಗೆ ಇದು ಗೊತ್ತು.
ಶಾರ್ಜಾದ ಶೆಡ್ಡಿನಲ್ಲಿ ಹನ್ನೊಂದು ವರ್ಷ
ಇದರ ನಡುಕ ನಿದ್ದೆಯಲ್ಲೂ ಮೊಣಕೈಯೊಳಗೆ ಓಡಾಡುತ್ತಿತ್ತು.

ಇನ್ನೊಂದು ತಿರುಗುತ್ತ ಓಲಾಡುವುದು,
ಹದಿನೈದು ಮಿಲಿಮೀಟರಿನ ಓಲಾಟ.
ಗಟ್ಟಿ ಒತ್ತಿದರೆ ನಿಂತೇ ಹೋಗುವುದು.
ಅದರ ಒಂದು ಗಂಟೆಯ ಕೆಲಸಕ್ಕೆ ಇದಕ್ಕೆ ಮೂರು,
ಬೆಲೆಯೂ ಎರಡೂವರೆ ಪಾಲು.

ಪಾಲುದಾರ ಮೊಯ್ದುಂಞಿ ಕುರ್ಚಿ ತಿರುಗಿಸಿ ಕೂತ:
"ಎಂತ ಮಾರಾಯ ಇಷ್ಟು ಯೋಚನೆ?
ದಿನಕ್ಕೆ ಮೂರು ಕಾರಾದರೆ ಬಾಡಿಗೆ ಹುಟ್ಟುತ್ತದೆ.
ಗಲ್ಫಿನಿಂದ ಬಂದವನಿಗೆ ಇಪ್ಪತ್ತೇ ದಿನ ರಜೆ,
ಅದರಲ್ಲಿ ತಂಗಿಯ ಮದುವೆ, ಅದರಲ್ಲಿ ಕಾರು.
ನಿನ್ನ ಮೂರು ಗಂಟೆಗೆ ಯಾರು ಕಾಯುತ್ತಾರೆ?"
ಸರಿಯೇ. ಅವನ ಲೆಕ್ಕದಲ್ಲಿ ಒಂದು ಕಾಸೂ ತಪ್ಪಿಲ್ಲ.

ಬಾನೆಟ್ಟಿನ ನಡುವೆ ಉದ್ದಕ್ಕೆ ಟೇಪು ಅಂಟಿಸಿದೆ,
ಎಡಕ್ಕೆ ಅದು, ಬಲಕ್ಕೆ ಇದು.
ಆಮೇಲೆ ಎರಡನ್ನೂ ನಾನು ಮುಟ್ಟಲಿಲ್ಲ.
ಕರೆದೆ ಸೌಪರ್ಣಿಕಳನ್ನು.
ಐಟಿಐ ಮುಗಿಸಿ ಮೊನ್ನೆ ಸೇರಿದವಳು,
ಇನ್ನೂ ಒಂದು ಸಂಬಳ ಎಣಿಸದವಳು.

ಎಡದ ಏಣಿನಲ್ಲಿ ಒಂದು ಉಸಿರು ಹೆಚ್ಚು ನಿಂತಳು, ಅಷ್ಟೇ.
ಆ ವಾಸನೆ!
ಬೆಂದ ಬಣ್ಣಕ್ಕೆ ಯಾವ ಊರಿನಲ್ಲೂ ಅದೇ ವಾಸನೆ.
ಕಪ್ಪಿನಡಿಯಿಂದ ಉಗುರಿನಷ್ಟು ಬೂದು ಇಣುಕಿತು.
ಅವಳು ಯಂತ್ರ ಎತ್ತಿ
ಬಾನೆಟ್ಟನ್ನಲ್ಲ, ನನ್ನ ಮುಖ ನೋಡಿದಳು.

ನಾನೂ ಹಾಗೆ ನೋಡಿದ್ದೆ ಒಮ್ಮೆ
ಸೂಪರ್‌ವೈಸರನ ಮುಖವನ್ನು.
ಅವನು ಎಂತದೂ ಹೇಳಲಿಲ್ಲ.
ನಾಲ್ಕು ತಿಂಗಳು ಸಂಬಳದ ಲಕೋಟೆ ಹೇಳಿತು.
ಮನೆಗೆ ಫೋನು ಮಾಡಿದೆ:
ದುಡ್ಡು ತಡವಾಗುತ್ತದೆ, ಇಲ್ಲಿ ಬ್ಯಾಂಕಿಗೆ ರಜೆ.

"ಈಗ ಬಲಕ್ಕೆ ಹೋಗು" ಎಂದೆ.
ಹಿಡಿದಳು. ಕೈ ನಡುಗುತ್ತಿತ್ತು,
ಯಂತ್ರವೂ ನಡುಗುವುದರಿಂದ ಅದು ಕಾಣಲಿಲ್ಲ.
ಒತ್ತಿದಳು, ನಿಂತಿತು.
ಸಡಿಲ ಬಿಟ್ಟಳು, ನಡೆಯಿತು.
ಬಲದ ಏಣಿನಲ್ಲಿ ಅವತ್ತೇ ಕಲಿತ ಹೆದರಿಕೆಯಲ್ಲಿ
ಎಲ್ಲಿ ಎತ್ತಬೇಕೆಂದು ತಿಳಿಯದೆ ನಿಂತೇ ನಿಂತಳು.
ಏನೂ ಆಗಲಿಲ್ಲ.
ಕರೆಂಟು ಹೋಯಿತು, ಚಹಾ ಬಂತು, ಕರೆಂಟು ಬಂತು.
ಮುಕ್ಕಾಲು ಗಂಟೆಗೆ ಒಂದು ಮೊಳ ಹೊಳೆಯಿತು.

"ಮುಕ್ಕಾಲು ಗಂಟೆ!" ಎಂದ ಮೊಯ್ದುಂಞಿ.
ಎದ್ದು ಬಂದು, ಎಡದ ಬೂದು ಕಲೆಯನ್ನು
ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದ.
"ಇದು ಹೋಗುವುದಿಲ್ಲವಾ?"
"ಇಲ್ಲ."
ಮತ್ತೊಮ್ಮೆ ತಿಕ್ಕಿದ. ಅವಳ ಕಡೆ ನೋಡಲಿಲ್ಲ.
ಫೋನು ತೆಗೆದು ಕರುಣನ್‌ನ ಹತ್ತಿರ
ಓಲಾಡುವುದರ ಬೆಲೆಗೆ ಜಗ್ಗಾಡತೊಡಗಿದ,
ಮಲಯಾಳದಲ್ಲಿ ಶುರುಮಾಡಿ, ಸೋಲುವಾಗ ಬ್ಯಾರಿಯಲ್ಲಿ.

ರೋಟರಿಯನ್ನು ಬಟ್ಟೆ ಸುತ್ತಿ ಹಿಂದೆ ಕೊಟ್ಟು ಬಂದೆ.
ಬಲಗೈಗೆ ಸ್ವಲ್ಪ ಬೇಜಾರಾಯಿತು.

ಬೋರ್ಡು ಇನ್ನೂ ಬರೆಸಿಲ್ಲ, ಯಾವ ಲಿಪಿ ಮೇಲೆ ಎಂದು ತಕರಾರು.
ಸದ್ಯಕ್ಕೆ ಗೋಡೆಗೆ ಬಾನೆಟ್ಟನ್ನೇ ತೂಗಿದ್ದೇವೆ.
ಬಲದಲ್ಲಿ ಎದುರಿನ ಪೆಟ್ರೋಲ್ ಬಂಕು, ಮಂಗಳೂರಿನ ಬಸ್ಸು,
ಬಸ್ಸಿಗೆ ಓಡುವವರು.
ಎಡದಲ್ಲಿ ಉಗುರಿನಷ್ಟು ಬೂದು.
"ಅದೊಂದು ಯಾಕೆ ಹಾಗೆ ಬಿಟ್ಟಿದ್ದೀರಿ?" ಎಂದು ಗಿರಾಕಿ ಕೇಳಿದರೆ
ನಾನು ಬಾಯಿ ತೆರೆಯುವ ಮೊದಲೇ
ಸೌಪರ್ಣಿಕ, ಪ್ಯಾಡು ತೊಳೆಯುತ್ತ:
"ಅದು ನಾನು ಮಾಡಿದ್ದು."