ಮಾಡಗ್ಯಾಳ ದಾಟಿದ ಮ್ಯಾಲ

ಮೊನ್ನೆ ಪಂಢರಪುರದ ರಸ್ತೆ, ನಿನ್ನೆ ಸಾಂಗೋಲೆ ದಾಟಿ,
ಇವತ್ತ ನಮ್ಮ ಜತ್ತ ತಾಲೂಕಿನ ಕಲ್ಲು, ನಮ್ಮ ಬಿಸಲು.
ಬಂದಗಿಸಾಬನ ಟಂಟಂ ಒಳಗ ಮೂರು ಮಂದಿ,
ಒಂದು ಬುಟ್ಟಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ,
ನೀರಿನ ಕ್ಯಾನು, ಅದರ ಬಾಜೂಕ ಡಿಜೆಲ್ ಕ್ಯಾನು.
ರಾತ್ರಿ ಕತ್ತಲಾಗ ಅದಲಿ ಬದಲಿ ಆಗಿ
ಬಂದಗಿಸಾಬ ಒಂದು ಗುಟುಕು ಕುಡದಾನ.
ಇನ್ನೂ ಉಗುಳಾಕತ್ಯಾನ.

ರೇಸಂದ್ರ ಹನ್ನೊಂದು ಸೆಕೆಂಡು.
ಅದಕ್ಕ ಮೂರು ತಾಸು ಕಾಯೂದು.
ಮೊದಲು ಪೊಲೀಸರ ಶಿಟ್ಟಿ, ಆಮ್ಯಾಲ ಭೋಂಗಾದ ಮರಾಠಿ,
ಆಮ್ಯಾಲ ಒಂದು ಗಾಳಿ. ಸೆರಗು ಎದ್ದು ಮುಖಕ್ಕ ಹೊಡದು,
ನಾ ಸೆರಗು ತಗಿಯೂದ್ರಾಗ
ಬಣ್ಣದ ಬೆನ್ನು ಎಲ್ಲಾ ಇಳಕಲಾಗ ಕರಗಿರತಾವ.
ಮೂರು ದಿನದಾಗ ನಾ ನೋಡಿದ್ದು ಒಟ್ಟು ಅರ್ಧ ನಿಮಿಷ.

ಚನಮಲ್ಲ ಮಾಮಾ ಅಷ್ಟೂ ನೋಡಿಲ್ಲ.
ಸಕ್ಕರಿ ಬ್ಯಾನಿ ಅವನ ಕಣ್ಣು ತಿಂದು ಆರು ವರ್ಷ.
"ಮತ್ತ ಯಾಕ ಹೊಂಟಿ?" ಅಂತ ಅತ್ತಿ ಕೇಳಿದ್ದಳು.
"ನೀ ರೊಟ್ಟಿ ಬಡ್ಯೂದು ನಾ ನೋಡತೀನೇನ?
ಸಪ್ಪಳಕ್ಕ ಹಸಿವಾಗತದ" ಅಂದಿದ್ದ.

ಸ್ಟ್ಯಾಂಡಿನ ಹಿಂದ ನಲವತ್ತು ವರ್ಷ ಬಾಡಿಗಿ ಸೈಕಲ್ಲಿನ ಅಂಗಡಿ,
ತಾಸಿಗೆ ಎಂಟಾಣೆ.
ಕಡ್ಡಿಗೆ ಬೆರಳು ಮೀಟಿ ಗಾಲಿ ಓರೆ ಅದ ಅನ್ನಾಂವ.

ಮಾಡಗ್ಯಾಳದ ಏರಿನ ಮ್ಯಾಲ, ಕುರಿಸಂತಿ ಬಯಲಿನ ಎದುರು,
ಬೇವಿನ ಬುಡಕ ಅವನ್ನ ನಿಲ್ಲಿಸಿದ್ವಿ,
ಬಲಗಿವಿ ರಸ್ತೆ ಕಡೆ, ಬಾಯಿ ಅರ್ಧ ತೆರದು.
ಬಂದ್ರು. ಹೋದ್ರು.
ಬಂದಗಿಸಾಬ ಚಪ್ಪಾಳಿ, ನಾ ಶಿಳ್ಳಿ,
ಯಾವನೋ ಒಗದ ಖಾಲಿ ಬಾಟ್ಲಿ ಸಲುವಾಗಿ
ಇಬ್ಬರು ಹುಡುಗರು ಮಣ್ಣಾಗ ಉಳ್ಳಾಡಾಕತ್ತಿದ್ರು.
ಮಾಮಾ ಕೈ ಎತ್ತಿದ. ಸುಮ್ಮಕಿರ್ರಿ.
"ಇನ್ನೂ ಒಬ್ಬ ಅದಾನ."

ಇದ್ದ. ಬೆನ್ನಿಗೆ ನೂರಾ ಹದಿನೇಳು.
ಮಣಕಾಲು ಒಡದು ರಕ್ತ ಒಣಗಿ ಕಂದಾಗಿತ್ತು.
ಮುಖ ನಮ್ಮ ಓಣಿ ಹುಡುಗರದ್ದ, ಊರು ಯಾವ ಸಮುದ್ರದಾಚೆದೋ.
ಬಂದಗಿಸಾಬ ಬಾಜೂಕ ಓಡಿ ಕೂಗಿದ:
"ಹೊಡಿ ತಮ್ಮಾ, ಏರು ಮುಗೀತು!"
ಸುಳ್ಳು. ಏರು ಇನ್ನೂ ಎರಡು ಇದ್ದವು.
ಆ ಹುಡುಗ ನಕ್ಕ. ಸುಳ್ಳಿಗೆ ಭಾಷಾ ಬೇಕಾಗಿಲ್ಲ.

"ಚೈನು ಒಣಗೇದ," ಮಾಮಾ ಅಂದ,
"ಬಲಗಾಲು ಒಂದ ತುಳ್ಯಾಕತ್ತದ.
ಎಡಗಾಲು ಬರೇ ಸುತ್ತಾಕತ್ತದ,
ಬೀಗರ ಜೋಡಿ ಉಣ್ಣಾಕ ಬಂದಾಂವನಂಗ."

ಡಾಂಬರು ಬಿಟ್ಟು ಒಳದಾರಿ ಹಿಡದ್ವಿ,
ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು, ಹುಳಿ ಹುಳಿ ಸಿಹಿ ವಾಸನಿ.
ಟಂಟಂ ಬಾಗಲು ತಗ್ಗು ತಗ್ಗಿಗೂ ಕಿರಗುಟ್ಟತಿತ್ತು,
ಫೋನು ಒಮ್ಮೆ ಕನ್ನಡದಾಗ, ಒಮ್ಮೆ ಮರಾಠಿಯೊಳಗ
ಸ್ವಾಗತ ಸ್ವಾಗತ ಅನ್ನತಿತ್ತು.
ನಾವು ಯಾರ ಮನಿಗೂ ಹೊಂಟಿದ್ದಿಲ್ಲ.

ಉಮದಿ ಹತ್ತಿರ ಮತ್ತ ನಿಂತ್ವಿ.
ಅದ ಶಿಟ್ಟಿ, ಅದ ಗಾಳಿ. ಈ ಸಲ ಸೆರಗು ಹಲ್ಲಾಗ ಹಿಡಕೊಂಡಿದ್ದೆ,
ಒಬ್ಬೊಬ್ಬನ ಕುತ್ತಿಗಿ ಬೆವರೂ ಕಂಡೆ.
ಮಾಮಾ ಕಾಯತಿದ್ದ.
ಹಗ್ಗ ಬಿಚ್ಚಿದ್ರು. ಎಸ್‌ಟಿ ಬಸ್ಸು ಬಂತು, ಕಬ್ಬಿನ ಟ್ರ್ಯಾಕ್ಟರ್ ಬಂತು.
"ಗೆದ್ದಾಂವ ಯಾರು ಕೇಳೂನು ನಡ್ರಿ ಕಾಕಾ."
"ಗೆದ್ದಾಂವಗ ಹಾರ ಹಾಕಾವರು ಅದಾರ. ತಡಿ."

ಆಮ್ಯಾಲ ಬಿಳಿ ವ್ಯಾನು, ಎಲ್ಲಾದಕ್ಕೂ ಕಡೀಕ.
ಟಪ್ಪಿನ ಮ್ಯಾಲ ಕಟ್ಟಿದ ಒಂದು ಸೈಕಲ್ಲು,
ಹಿಂದಿನ ಗಾಲಿ ಗಾಳಿಗೆ ತಾನ ತಿರಗತಿತ್ತು,
ಟಿಕ್ ಟಿಕ್ ಟಿಕ್ ಟಿಕ್.
ಕಿಟಕಿ ಗಾಜಿಗೆ ಒಂದು ಹಣಿ ಒರಗಿತ್ತು.
ನಾ ಏನೂ ಹೇಳಲಿಲ್ಲ.

ಮಾಮಾ ಟೊಪ್ಪಿಗಿ ತಗದ.
"ಅದ ಸೈಕಲ್ಲು ಸುಗಲಾ. ಮ್ಯಾಲ ಯಾರೂ ಇಲ್ಲ."

ಅವನ ಕಿಸೆದಾಗ ಎಣ್ಣಿ ಡಬ್ಬಿ ಇತ್ತಂತ, ಮೂರು ದಿನದಿಂದ.
ನಮಗ್ಯಾರಿಗೂ ಗೊತ್ತಿದ್ದಿಲ್ಲ.
ತಡವರಿಸಿ ತಡವರಿಸಿ ಟಂಟಂ ಬಾಗಲಿನ ಕೀಲಿಗೆ ಎರಡು ಹನಿ ಬಿಟ್ಟ,
ತಗದ, ಹಾಕಿದ, ಮತ್ತ ತಗದು ಕೇಳಿದ.
"ನಾಳೆ ಎಲ್ಲಿಂದ ಹೊಂಡತಾರ?"

ಬಂದಗಿಸಾಬ ಇನ್ನೊಮ್ಮೆ ಉಗುಳಿ
ಗಾಡಿ ಚಾಲೂ ಮಾಡಿದ.